ಕರುವಿನ ಕರುಳನ್ನು ಕಾಯುವ ಬಿಳಿ ರಕ್ತಕಣಗಳು

ಹೈನುಗಾರಿಕೆಯಲ್ಲಿ ಕರೆಯುವ ಹಸುವಿಗೆ ದೊರೆಯುವಷ್ಟು ಗಮನ ಎಳೆಗರುವಿಗೆ ದೊರೆಯುವುದಿಲ್ಲ. ಇಂದಿನ ಹೆಣ್ಣು ಕರುವೇ ಮೂರು ವರ್ಷದ ನಂತರದ ಹಸು ಎಂಬುದು ಎಲ್ಲ ರೈತರಿಗೂ ಗೊತ್ತು. ಆದರೂ ಹುಟ್ಟಿದ ಮೊದಲ ತಿಂಗಳಿನಲ್ಲಿಯೇ ಸಾಯುವ ಕರುಗಳು ಅನೇಕ. ಅವುಗಳ ಸಾವಿಗೆ ಮುಖ್ಯ ಕಾರಣಗಳಲ್ಲಿ ಭೇದಿ ಒಂದು. ಒಂದೇ ಕೊಟ್ಟಿಗೆಯಲ್ಲಿ, ಒಂದೇ ವಾರದಲ್ಲಿ ಹುಟ್ಟಿದ ಎರಡು ಕರುಗಳಲ್ಲಿ ಒಂದು ಭೇದಿಯಿಂದ ಸಾಯುತ್ತದೆ, ಇನ್ನೊಂದು ಕುಣಿದಾಡಿಕೊಂಡು ಬೆಳೆಯುತ್ತದೆ. ರೋಗಾಣುಗಳು ಎರಡಕ್ಕೂ ತಗಲಿರುತ್ತವೆ. ವ್ಯತ್ಯಾಸವಿರುವುದು ಬಹುಮಟ್ಟಿಗೆ ಕರುಳಿನ ಕಾವಲಿನಲ್ಲಿ.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ಮೊದಲ ಮಿಶ್ರತಳಿ ಹಸು ರಾತ್ರಿ ಹೊತ್ತು ಹೆಣ್ಣು ಕರು ಹಾಕಿತು. ಸತ್ತೆ (ಕಸ) ಬೀಳುವ ತನಕ ಕರುವಿಗೆ ಗಿಣ್ಣದ ಹಾಲು ಕುಡಿಸಬಾರದೆಂಬುದು ಮನೆಯ ಹಿರಿಯರ ನಂಬಿಕೆ. ಸತ್ತೆ ಬಿದ್ದದ್ದು ಮರುದಿನ ಮಧ್ಯಾಹ್ನ. ಆ ಮೇಲೆಯೇ ಕರುವನ್ನು ಮೊಲೆಗೆ ಬಿಟ್ಟೆವು. ಮೂರನೆಯ ದಿನ ಬಿಳಿ ಭೇದಿ ಶುರುವಾಯಿತು. ನಾಲ್ಕನೆಯ ದಿನ ಕರು ಏಳಲಿಲ್ಲ. ದೃಷ್ಟಿಯಾಯಿತು ಎಂದರು. ನಡೆದದ್ದು ಏನೆಂಬುದು ನನಗೆ ಅರ್ಥವಾದದ್ದು ಬಹಳ ವರ್ಷಗಳ ನಂತರ. ಇಂದಿಗೂ ಮೇವಿನ ಬೆಳೆಗಳ ತರಬೇತಿಗೆ ಹೋದ ಹಳ್ಳಿಗಳಲ್ಲಿ ಇದೇ ಪದ್ಧತಿಯನ್ನು ಕಾಣುತ್ತೇನೆ. ಆದ್ದರಿಂದ ಈ ಲೇಖನ. ಬೇಸಾಯಶಾಸ್ತ್ರದ ಅಧ್ಯಾಪಕನಿಗೆ ಕರುಳಿನ ವಿಷಯವೇಕೆ ಎಂದು ಕೆಲವರು ಕೇಳಬಹುದು. ನಾವು ಬೆಳೆಯುವ ಮೇವು ಕೊನೆಗೆ ಹೋಗಿ ಸೇರುವುದು ಕರುಳಿಗೇ ಅಲ್ಲವೇ!

ಕರುಳು: ಒಂದೇ ಸಾಲಿನ ಬೇಲಿ

ಬೆಳೆದ ಹಸುವಿನ ಸಣ್ಣ ಕರುಳು ಸುಮಾರು 40 ಮೀಟರ್ ಉದ್ದವಿರುತ್ತದೆ. ಅದರ ಒಳಮೈಯಲ್ಲಿ ಬೆರಳಿನಾಕಾರದ ಲಕ್ಷಾಂತರ ಸಣ್ಣ ಕುಚ್ಚುಗಳಿವೆ. ಜೀರ್ಣವಾದ ಆಹಾರವನ್ನು ಹೀರುವುದು ಇವುಗಳ ಕೆಲಸ. ಆಹಾರ ಸುಲಭವಾಗಿ ಒಳಸೇರಬೇಕಾದರೆ ಗೋಡೆ ತೆಳುವಾಗಿರಬೇಕು. ಆದ್ದರಿಂದಲೇ ಕರುಳಿನ ಒಳಪದರದಲ್ಲಿ ಜೀವಕೋಶಗಳ ಸಾಲು ಒಂದೇ ಒಂದು. ಈ ಒಂದು ಸಾಲಿನ ಆಚೆ ಕೋಟ್ಯಂತರ ಸೂಕ್ಷ್ಮಜೀವಿಗಳು, ಈಚೆ ರಕ್ತ.

ಇಷ್ಟು ತೆಳುವಾದ ಬೇಲಿ ಉಳಿದಿರಲು ಹಲವು ಏರ್ಪಾಡುಗಳಿವೆ. ಗೋಡೆಯ ಜೀವಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಹಳತು ಉದುರಿ ಹೊಸದಾಗುತ್ತವೆ. ಅವುಗಳ ನಡುವೆ ಇರುವ ಹೂಜಿಯಾಕಾರದ ಕೋಶಗಳು ಸದಾ ಲೋಳೆಯನ್ನು ಸುರಿಸುತ್ತವೆ. ರೋಗಾಣುಗಳು ಲೋಳೆಯಲ್ಲಿ ಸಿಕ್ಕಿಕೊಂಡು ಸಗಣಿಯೊಡನೆ ಹೊರಹೋಗುತ್ತವೆ. ಕುಚ್ಚುಗಳ ಬುಡದ ಕುಳಿಗಳಲ್ಲಿರುವ ಕೆಲವು ಕೋಶಗಳು ರೋಗಾಣುನಾಶಕ ವಸ್ತುಗಳನ್ನು ಸ್ರವಿಸುತ್ತವೆ. ಇಂತಹ ಒಂದು ವಸ್ತುವಾದ ಲೈಸೋಜೈಮನ್ನು 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ವರದಿ ಮಾಡಿದರು. ‘ಡಿಫೆನ್ಸಿನ್’ ಎಂಬ ಇನ್ನೊಂದು ಗುಂಪಿನ ವಸ್ತುಗಳು ದನಗಳ ಶ್ವಾಸನಾಳದಲ್ಲಿಯೂ ಕರುಳಿನಲ್ಲಿಯೂ ಇವೆ. ಭೇದಿ ತರುವ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ತಗಲಿದ ಕರುಗಳ ಕರುಳಿನಲ್ಲಿ ಇದರ ಉತ್ಪತ್ತಿ ಹೆಚ್ಚುವುದು 1998ರಲ್ಲಿ ಕಂಡುಬಂದಿತು.

ಬೇಲಿ ಎಷ್ಟೇ ಭದ್ರವಾಗಿದ್ದರೂ ಒಂದಲ್ಲ ಒಂದು ಕಡೆ ಕಿಂಡಿ ಬೀಳುವುದು ಸಹಜ. ಆಗ ಬೇಕಾಗುವುದು ಕಾವಲುಗಾರರು. ಅವೇ ಬಿಳಿ ರಕ್ತಕಣಗಳು.

ಎರಡು ಬಗೆಯ ರಕ್ಷಣೆ

ಪ್ರಾಣಿಗಳ ದೇಹದಲ್ಲಿ ರೋಗನಿರೋಧಕ ಶಕ್ತಿ ಎರಡು ಬಗೆಯದು. ಒಂದು, ಹುಟ್ಟಿನಿಂದಲೇ ಬಂದ ಸಹಜ ಶಕ್ತಿ. ಇನ್ನೊಂದು, ರೋಗ ತಗಲಿದ ಅಥವಾ ಲಸಿಕೆ ಹಾಕಿದ ನಂತರ ಗಳಿಸಿಕೊಳ್ಳುವ ಶಕ್ತಿ. ಗಳಿಸಿದ ಶಕ್ತಿ ಬಹಳ ನಿಖರವಾದದ್ದು. ಒಂದೊಂದು ರೋಗಾಣುವಿಗೂ ತಕ್ಕ ಪ್ರತಿಕಾಯವನ್ನು ತಯಾರಿಸುತ್ತದೆ, ಅದನ್ನು ನೆನಪಿನಲ್ಲಿಯೂ ಇಟ್ಟುಕೊಳ್ಳುತ್ತದೆ. ಆದರೆ ಮೊದಲ ಸಲ ಇದು ಸಿದ್ಧವಾಗಲು ಒಂದರಿಂದ ಎರಡು ವಾರ ಬೇಕು.

ಅಷ್ಟು ದಿನ ರೋಗಾಣು ಕಾದು ಕೂರುವುದಿಲ್ಲ. ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಅನುಕೂಲ ಪರಿಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಲೆಕ್ಕ ಹಾಕಿದರೆ, ಒಂದು ಬ್ಯಾಕ್ಟೀರಿಯಾ ಎಂಟು ಗಂಟೆಗಳಲ್ಲಿ 1 ಕೋಟಿ 67 ಲಕ್ಷ ಆಗಬಲ್ಲದು. ಆದ್ದರಿಂದ ಮೊದಲ ಗಂಟೆಗಳ ಹೊಣೆ ಪೂರ್ತಿಯಾಗಿ ಸಹಜ ಶಕ್ತಿಯ ಮೇಲೆ ಬೀಳುತ್ತದೆ. ಇದು ಇಂತಹುದೇ ರೋಗಾಣು ಎಂದು ಗುರುತು ಕೇಳುವುದಿಲ್ಲ. ರೋಗಾಣುಗಳ ಮೈಮೇಲಿರುವ ಸಾಮಾನ್ಯ ಗುರುತುಗಳನ್ನು ಕಂಡೊಡನೆ ಕೆಲಸ ಆರಂಭಿಸುತ್ತದೆ. ಈ ಗುರುತು ಹಿಡಿಯುವ ಕ್ರಮವನ್ನು ತೋರಿಸಿಕೊಟ್ಟ ಬ್ರೂಸ್ ಬಾಯ್ಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಅವರಿಗೆ 2011ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ರೋಗಾಣುಗಳನ್ನು ನುಂಗುವ ಕಣಗಳನ್ನು ಮೊದಲು ವಿವರಿಸಿದವರು ರಷ್ಯಾ ದೇಶದ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸೀನಾ ಊರಿನಲ್ಲಿ ಅವರು ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳ ಮೈಗೆ ಗುಲಾಬಿ ಮುಳ್ಳನ್ನು ಚುಚ್ಚಿ ಇಟ್ಟರು. ಮರುದಿನ ಬೆಳಿಗ್ಗೆ ನೋಡಿದಾಗ ಮುಳ್ಳಿನ ಸುತ್ತ ಚಲಿಸುವ ಕಣಗಳು ಮುತ್ತಿಕೊಂಡಿದ್ದವು. ದೇಹವನ್ನು ಕಾಯುವ ಕಣಗಳು ಇವೇ ಎಂದು ಅವರು ವಾದಿಸಿದರು. ಆರಂಭದಲ್ಲಿ ಅನೇಕರು ಒಪ್ಪಲಿಲ್ಲ. 1908ರಲ್ಲಿ ಅವರಿಗೂ ಪ್ರತಿಕಾಯಗಳ ಬಗ್ಗೆ ಕೆಲಸ ಮಾಡಿದ ಪಾಲ್ ಎರ್ಲಿಕ್ ಅವರಿಗೂ ನೊಬೆಲ್ ಪಾರಿತೋಷಕವನ್ನು ಹಂಚಿ ಕೊಡಲಾಯಿತು. ಎರಡೂ ಪಕ್ಷಗಳು ಸರಿಯೆಂದು ಇಂದು ತಿಳಿದಿದೆ. ಎಳೆಗರುವಿನ ವಿಷಯದಲ್ಲಂತೂ ಒಂದಿಲ್ಲದೆ ಇನ್ನೊಂದು ಕೆಲಸ ಮಾಡಲಾರದು. ಹೇಗೆಂಬುದನ್ನು ಮುಂದೆ ನೋಡೋಣ.

ಕಣಗಳು ಹುಟ್ಟುವ ಸಸಿಮಡಿ

ಭತ್ತದ ಸಸಿಯನ್ನು ಒಂದು ಕಡೆ ಬೆಳೆಸಿ ಗದ್ದೆಯಲ್ಲಿ ನಾಟಿ ಮಾಡುತ್ತೇವೆ. ರಕ್ತಕಣಗಳ ಕ್ರಮವೂ ಹೀಗೆಯೇ. ಗರ್ಭದಲ್ಲಿ ಭ್ರೂಣ ತೀರಾ ಎಳೆಯದಿದ್ದಾಗ ಈ ಸಸಿಮಡಿ ಇರುವುದು ಭ್ರೂಣದ ಹೊರಗಿನ ಚೀಲದಲ್ಲಿ. ಅನಂತರ ಅದು ಪಿತ್ತಜನಕಾಂಗಕ್ಕೆ ಬದಲಾಗುತ್ತದೆ. ಜನನದ ವೇಳೆಗೆ ಮೂಳೆಯೊಳಗಿನ ಮಜ್ಜೆಯಲ್ಲಿ ನೆಲೆಯೂರಿ ಜೀವಮಾನವಿಡೀ ಅಲ್ಲಿಯೇ ಇರುತ್ತದೆ.

ಮಜ್ಜೆಯಲ್ಲಿರುವ ಮೂಲ ಜೀವಕೋಶಗಳು ಬಿತ್ತನೆ ಬೀಜವಿದ್ದಂತೆ. ಅವು ತಮ್ಮ ಸಂಖ್ಯೆಯನ್ನು ಉಳಿಸಿಕೊಂಡೇ ಹಲವು ಬಗೆಯ ರಕ್ತಕಣಗಳನ್ನು ಹುಟ್ಟಿಸುತ್ತವೆ. ಕೆಂಪು ರಕ್ತಕಣಗಳು ಒಂದು ಕವಲು, ಬಿಳಿ ರಕ್ತಕಣಗಳು ಇನ್ನೊಂದು ಕವಲು. ಆರೋಗ್ಯವಂತ ಹಸುವಿನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 4,000ದಿಂದ 12,000 ಬಿಳಿ ರಕ್ತಕಣಗಳಿರುತ್ತವೆ. ಕರುಳಿನ ಸಹಜ ರಕ್ಷಣೆಯಲ್ಲಿ ಮುಖ್ಯವಾದ ಬಗೆಗಳು ಇವು:

1. ನ್ಯೂಟ್ರೋಫಿಲ್‌ಗಳು: ಮೊದಲು ಓಡಿಬರುವ ಕಣಗಳು. ಇವುಗಳ ಆಯುಸ್ಸು ಬಹಳ ಕಡಿಮೆ. ರಕ್ತದಲ್ಲಿ ಕೆಲವು ಗಂಟೆ ತಿರುಗಿ, ಅಂಗಾಂಶಗಳಿಗೆ ನುಗ್ಗಿ, ಒಂದೆರಡು ದಿನಗಳಲ್ಲಿ ಸಾಯುತ್ತವೆ. ಆದ್ದರಿಂದ ಮಜ್ಜೆ ಬಿಡುವಿಲ್ಲದೆ ಇವನ್ನು ತಯಾರಿಸಬೇಕು. ಬೆಳೆದ ಮನುಷ್ಯನ ಮಜ್ಜೆ ದಿನವೊಂದಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ಉತ್ಪಾದಿಸುತ್ತದೆ. ದನಗಳ ಮಜ್ಜೆಯಲ್ಲಿ ಸಿದ್ಧ ದಾಸ್ತಾನು ಕಡಿಮೆ. ಹಠಾತ್ತನೆ ತೀವ್ರ ಸೋಂಕು ತಗಲಿದಾಗ ದನದ ರಕ್ತದಲ್ಲಿ ಇವುಗಳ ಸಂಖ್ಯೆ ಮೊದಲು ಕುಸಿದು ಅನಂತರ ಏರುವುದಕ್ಕೆ ಇದೇ ಕಾರಣ.

2. ಮಹಾಭಕ್ಷಕ ಕಣಗಳು: ಮ್ಯಾಕ್ರೋಫೇಜ್ ಎಂದು ಕರೆಯುವ ಇವು ಕರುಳಿನ ಗೋಡೆಯ ಹಿಂದೆಯೇ ಬೀಡುಬಿಟ್ಟಿರುತ್ತವೆ. ಮೊದಲ ತಂಡ ಗರ್ಭದಲ್ಲಿದ್ದಾಗಲೇ ಬಂದು ಸೇರುತ್ತದೆ. ಹುಟ್ಟಿದ ನಂತರ ರಕ್ತದಿಂದ ಬರುವ ಮಾನೊಸೈಟ್ ಎಂಬ ಕಣಗಳು ಮಾರ್ಪಟ್ಟು ಹಳಬರ ಜಾಗವನ್ನು ತುಂಬುತ್ತಾ ಹೋಗುತ್ತವೆ.

3. ಸಹಜ ಲಿಂಫ್ ಕಣಗಳು: ಇವುಗಳ ಸಂಖ್ಯೆ ಕಡಿಮೆ, ಪ್ರಭಾವ ಹೆಚ್ಚು. ಈ ಗುಂಪಿನ ಬಹುಪಾಲು ವಿವರಗಳು ತಿಳಿದಿರುವುದು 2008ರಿಂದ ಈಚೆಗೆ. ಇವು ತಾವೇ ರೋಗಾಣುಗಳನ್ನು ನುಂಗುವುದಿಲ್ಲ. ಸಂದೇಶ ಕಳುಹಿಸಿ ಬೇರೆಯವರಿಂದ ಕೆಲಸ ಮಾಡಿಸುತ್ತವೆ.

4. ಇಯೋಸಿನೋಫಿಲ್‌ಗಳು: ಜಂತುಹುಳುಗಳ ವಿರುದ್ಧ ಕೆಲಸ ಮಾಡುವ ಕಣಗಳು.

ಕರುಳಿನಲ್ಲಿ ಕಾವಲು ನಡೆಯುವ ಬಗೆ

ರೋಗಾಣುವೊಂದು ಲೋಳೆಯನ್ನು ದಾಟಿ ಕರುಳಿನ ಗೋಡೆಗೆ ಅಂಟಿಕೊಂಡಿತೆನ್ನೋಣ. ಗೋಡೆಯ ಜೀವಕೋಶಗಳು ಅದರ ಗುರುತು ಹಿಡಿದು ಅಪಾಯದ ಸಂದೇಶವನ್ನು ಹೊರಡಿಸುತ್ತವೆ. ಹಿಂದೆ ಕುಳಿತ ಮಹಾಭಕ್ಷಕ ಕಣಗಳು ಒಳನುಗ್ಗಿದ ರೋಗಾಣುಗಳನ್ನು ನುಂಗತೊಡಗುತ್ತವೆ ಹಾಗೂ ತಾವೂ ಸಂದೇಶವನ್ನು ಕಳುಹಿಸುತ್ತವೆ. ಹತ್ತಿರದ ರಕ್ತನಾಳಗಳ ಒಳಮೈ ಅಂಟಾಗುತ್ತದೆ. ರಕ್ತದಲ್ಲಿ ಹರಿದುಹೋಗುತ್ತಿದ್ದ ನ್ಯೂಟ್ರೋಫಿಲ್‌ಗಳು ಅಲ್ಲಿ ಉರುಳುತ್ತಾ ನಿಂತು, ನಾಳದ ಗೋಡೆಯಲ್ಲಿ ನುಸುಳಿ ಹೊರಬರುತ್ತವೆ. ಅವು ರೋಗಾಣುವನ್ನು ನುಂಗಿ, ಹೈಡ್ರೊಜನ್ ಪೆರಾಕ್ಸೈಡಿನಂತಹ ತೀಕ್ಷ್ಣ ವಸ್ತುಗಳಿಂದಲೂ ಕಿಣ್ವಗಳಿಂದಲೂ ಕೊಲ್ಲುತ್ತವೆ. ಕೆಲವೊಮ್ಮೆ ತಮ್ಮದೇ ಕೋಶಕೇಂದ್ರದ ಎಳೆಗಳನ್ನು ಬಲೆಯಂತೆ ಹೊರಚೆಲ್ಲಿ ರೋಗಾಣುಗಳನ್ನು ಹಿಡಿಯುವುದೂ ಉಂಟು. ಇದು 2004ರಲ್ಲಿ ತಿಳಿದುಬಂದ ಸಂಗತಿ. ಗಾಯದಲ್ಲಿ ನಾವು ಕಾಣುವ ಕೀವು ಬಹುಮಟ್ಟಿಗೆ ಹೀಗೆ ಹೋರಾಡಿ ಸತ್ತ ನ್ಯೂಟ್ರೋಫಿಲ್‌ಗಳ ರಾಶಿಯೇ.

ಇದೇ ವೇಳೆಗೆ ಸಹಜ ಲಿಂಫ್ ಕಣಗಳಲ್ಲಿ ಮೂರನೆಯ ಗುಂಪಿನವು ‘ಇಂಟರ್‌ಲ್ಯೂಕಿನ್-22’ ಎಂಬ ಸಂದೇಶ ವಸ್ತುವನ್ನು ಬಿಡುಗಡೆ ಮಾಡುತ್ತವೆ. ಇದು ತಲುಪಿದೊಡನೆ ಕರುಳಿನ ಗೋಡೆಯ ಕೋಶಗಳು ರೋಗಾಣುನಾಶಕ ವಸ್ತುಗಳನ್ನು ಹೆಚ್ಚು ತಯಾರಿಸುತ್ತವೆ, ಹರಿದ ಕಡೆ ಬೇಗ ಬೇಗ ದುರಸ್ತಿ ಮಾಡಿಕೊಳ್ಳುತ್ತವೆ. ಈ ವಸ್ತುವನ್ನು ತಯಾರಿಸಲಾರದ ಇಲಿಗಳು ಸಾಮಾನ್ಯ ಇಲಿಗಳು ಸುಲಭವಾಗಿ ತಡೆದುಕೊಳ್ಳುವ ಕರುಳಿನ ಸೋಂಕಿನಿಂದ ಸತ್ತುಹೋದುದನ್ನು 2008ರಲ್ಲಿ ವರದಿ ಮಾಡಲಾಯಿತು.

ಎರಡನೆಯ ಗುಂಪಿನ ಲಿಂಫ್ ಕಣಗಳ ಗಮನ ಜಂತುಹುಳುಗಳ ಕಡೆಗೆ. ಹುಳುವನ್ನು ಯಾವ ಕಣವೂ ನುಂಗಲಾರದು. ಆದ್ದರಿಂದ ಇವು ಲೋಳೆಯನ್ನು ಹೆಚ್ಚಿಸಿ, ಕರುಳಿನ ಚಲನೆಯನ್ನು ಚುರುಕುಗೊಳಿಸಿ, ಇಯೋಸಿನೋಫಿಲ್‌ಗಳನ್ನು ಕರೆಸಿ, ಹುಳುವನ್ನು ತೊಳೆದು ಹೊರದೂಡಲು ನೋಡುತ್ತವೆ.

ಕಾವಲು ಕಣಗಳಿಗೆ ತಡೆದುಕೊಳ್ಳುವುದೂ ಗೊತ್ತಿರಬೇಕು. ಕರುಳಿನಲ್ಲಿ ಸದಾ ಆಹಾರವೂ ಉಪಕಾರಿ ಸೂಕ್ಷ್ಮಜೀವಿಗಳೂ ತುಂಬಿರುತ್ತವೆ. ಎಲ್ಲದರ ಮೇಲೂ ಹರಿಹಾಯ್ದರೆ ಕರುಳೇ ಹಾಳಾಗುತ್ತದೆ. ಕರುಳಿನಲ್ಲಿ ನೆಲೆಸಿದ ಮಹಾಭಕ್ಷಕ ಕಣಗಳು ನುಂಗುವುದರಲ್ಲಿ ಚುರುಕಾಗಿದ್ದು ಗದ್ದಲ ಎಬ್ಬಿಸುವುದರಲ್ಲಿ ನಿಧಾನವಾಗಿರುವುದು ಇದಕ್ಕಾಗಿಯೇ.

ಎಳೆಗರುವಿನ ಕೊರತೆ ಮತ್ತು ಗಿಣ್ಣದ ಹಾಲು

ಹುಟ್ಟಿದ ಕರುವಿನ ರಕ್ತದಲ್ಲಿ ನ್ಯೂಟ್ರೋಫಿಲ್‌ಗಳ ಸಂಖ್ಯೆಗೆ ಕೊರತೆಯಿಲ್ಲ. ಆದರೆ ಅವು ರೋಗಾಣುಗಳನ್ನು ಹಿಡಿಯುವುದರಲ್ಲಿ ಮಂದ. ರೋಗಾಣುವಿನ ಮೈ ನುಣುಪಾಗಿರುತ್ತದೆ. ಅದಕ್ಕೆ ಪ್ರತಿಕಾಯ ಅಂಟಿಕೊಂಡರೆ ಕಣಕ್ಕೆ ಹಿಡಿತ ಸಿಗುತ್ತದೆ. ಕೊಡಕ್ಕೆ ಹಗ್ಗ ಕಟ್ಟಿದರೆ ಬಾವಿಯಿಂದ ಎತ್ತಬಹುದು. ಹಗ್ಗವಿಲ್ಲದಿದ್ದರೆ ಬಲವಿದ್ದೂ ವ್ಯರ್ಥ.

ಈ ಹಗ್ಗ ಕರುವಿನಲ್ಲಿ ಹುಟ್ಟುವಾಗ ಇರುವುದೇ ಇಲ್ಲವೆನ್ನಬಹುದು. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿಯೇ ಮಾಸಿನ ಮೂಲಕ ಮಗುವಿಗೆ ಹೋಗುತ್ತವೆ. ಹಸು, ಎಮ್ಮೆ, ಕುರಿ, ಮೇಕೆಗಳ ಮಾಸಿನ ರಚನೆ ಬೇರೆ. ಅದು ಪ್ರತಿಕಾಯಗಳನ್ನು ದಾಟಗೊಡುವುದಿಲ್ಲ. ಇದಕ್ಕೆ ಬದಲಾಗಿ ಹಸು ತನ್ನ ರಕ್ತದ ಪ್ರತಿಕಾಯಗಳನ್ನು ಕರು ಹಾಕುವ ಕೆಲವು ವಾರಗಳ ಮೊದಲಿನಿಂದಲೇ ಕೆಚ್ಚಲಿನಲ್ಲಿ ಕೂಡಿಸುತ್ತದೆ. ಅದೇ ಗಿಣ್ಣದ ಹಾಲು.

ಗಿಣ್ಣು ಮಾಡುವ ತಾಯಂದಿರಿಗೆ ಇದರ ಪುರಾವೆ ಗೊತ್ತೇ ಇದೆ. ಮೊದಲ ದಿನದ ಹಾಲು ಬಿಸಿ ತಾಗಿದೊಡನೆ ಗಟ್ಟಿಯಾಗಿ ಕೂರುತ್ತದೆ. ಮೂರನೆಯ ದಿನದ ಹಾಲು ಹಾಗೆ ಕೂರುವುದಿಲ್ಲ. ಬಿಸಿಗೆ ಹೆಪ್ಪುಗಟ್ಟುವ ಪ್ರೋಟೀನುಗಳಲ್ಲಿ ಪ್ರತಿಕಾಯಗಳ ಪಾಲು ದೊಡ್ಡದು. ಗಿಣ್ಣು ಗಟ್ಟಿಯಾದಷ್ಟೂ ಕರುವಿನ ಪಾಲಿನ ರಕ್ಷಣೆ ಪಾತ್ರೆಯಲ್ಲಿ ಗಟ್ಟಿಯಾಯಿತೆಂದೇ ಅರ್ಥ. ಕುದಿಸಿದ ಗಿಣ್ಣದ ಹಾಲನ್ನು ಕರುವಿಗೆ ಕೊಟ್ಟು ಪ್ರಯೋಜನವಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ. ನೆರೆಹೊರೆಗೆ ಗಿಣ್ಣು ಹಂಚುವ ಪದ್ಧತಿ ಒಳ್ಳೆಯದೇ. ಆದರೆ ಮೊದಲ ದಿನದ ಹಾಲು ಕರುವಿನದು. ಅದು ಕುಡಿದು ಮಿಕ್ಕಿದ್ದನ್ನು ಮಾತ್ರ ಮನೆಗೆ ಬಳಸತಕ್ಕದ್ದು.

ಪ್ರತಿಕಾಯದ ಕಣ ದೊಡ್ಡದು. ಸಾಮಾನ್ಯವಾಗಿ ಕರುಳು ಅದನ್ನು ಇಡಿಯಾಗಿ ಹೀರಲಾರದು. ಹೊಸದಾಗಿ ಹುಟ್ಟಿದ ಕರುವಿನ ಕರುಳಿನ ಕೋಶಗಳಿಗೆ ಮಾತ್ರ ಈ ಸಾಮರ್ಥ್ಯವಿದೆ. ಅದು ಮೊದಲ ನಾಲ್ಕರಿಂದ ಆರು ಗಂಟೆಗಳಲ್ಲಿ ಅತಿ ಹೆಚ್ಚಾಗಿದ್ದು, ಗಂಟೆ ಗಂಟೆಗೆ ಇಳಿಯುತ್ತಾ 24 ಗಂಟೆಗಳ ವೇಳೆಗೆ ಮುಗಿದುಹೋಗುತ್ತದೆ. ಒಮ್ಮೆ ಮುಚ್ಚಿದ ಬಾಗಿಲು ಮತ್ತೆ ತೆರೆಯುವುದಿಲ್ಲ. ಹಸುವಿನ ಸತ್ತೆ ಬೀಳಲು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಗಂಟೆ ಹಿಡಿಯಬಹುದು. ಅಲ್ಲಿಯ ತನಕ ಕಾದರೆ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ನಿಜ ನೋಡಿದರೆ, ಕರು ಮೊಲೆ ಚೀಪಿದಾಗ ಹಸುವಿನ ದೇಹದಲ್ಲಿ ಆಕ್ಸಿಟೋಸಿನ್ ಎಂಬ ರಸ ಬಿಡುಗಡೆಯಾಗಿ ಗರ್ಭಕೋಶ ಸಂಕುಚಿಸುತ್ತದೆ. ಇದು ಸತ್ತೆ ಬೀಳಲು ನೆರವಾಗುವ ಕ್ರಿಯೆ. ನಮ್ಮ ಮನೆಯ ಕರು ಕಳೆದುಕೊಂಡದ್ದು ಈ ಮೊದಲ ಗಂಟೆಗಳನ್ನೇ.

ಗಿಣ್ಣದ ಹಾಲಿನಲ್ಲಿ ಪ್ರತಿಕಾಯಗಳಲ್ಲದೆ ತಾಯಿಯ ಜೀವಂತ ಬಿಳಿ ರಕ್ತಕಣಗಳು, ಲೈಸೋಜೈಮ್, ಕಬ್ಬಿಣವನ್ನು ಹಿಡಿದಿಟ್ಟು ರೋಗಾಣುಗಳಿಗೆ ಸಿಗದಂತೆ ಮಾಡುವ ಲ್ಯಾಕ್ಟೊಫೆರಿನ್, ಹಾಗೂ ಸಾಮಾನ್ಯ ಹಾಲಿಗಿಂತ ಹಲವು ಪಟ್ಟು ಹೆಚ್ಚು ‘ಎ’ ಜೀವಸತ್ವ ಇರುತ್ತವೆ. ಬಾಗಿಲು ಮುಚ್ಚಿದ ನಂತರವೂ ಗಿಣ್ಣದ ಹಾಲಿನ ಪ್ರತಿಕಾಯಗಳು ಕರುಳಿನ ಒಳಗಡೆಯೇ ರೋಗಾಣುಗಳನ್ನು ತಡೆಯುತ್ತವೆ. ಆದ್ದರಿಂದ ಮೂರು ನಾಲ್ಕು ದಿನ ಗಿಣ್ಣದ ಹಾಲನ್ನು ಮುಂದುವರಿಸುವುದು ಲಾಭದಾಯಕ.

ಹಸಿರು ಮೇವಿಗೂ ಕರುಳಿನ ಕಾವಲಿಗೂ ಇರುವ ಸಂಬಂಧ

‘ಎ’ ಜೀವಸತ್ವದ ಕೊರತೆಯಾದರೆ ಭೇದಿ, ಕೆಮ್ಮು ಹೆಚ್ಚೆಂಬುದು ಹಳೆಯ ಅನುಭವ. ಇಂಡೋನೇಷ್ಯಾದ ಆಚೆ ಪ್ರಾಂತದಲ್ಲಿ ಆಲ್ಫ್ರೆಡ್ ಸೊಮ್ಮರ್ ಮತ್ತು ಸಂಗಡಿಗರು ಹಳ್ಳಿಯ ಮಕ್ಕಳಿಗೆ ಈ ಜೀವಸತ್ವವನ್ನು ಕೊಟ್ಟಾಗ ಸಾವು ಸುಮಾರು ಮೂರನೆಯ ಒಂದರಷ್ಟು ಕಡಿಮೆಯಾದುದನ್ನು 1986ರಲ್ಲಿ ಪ್ರಕಟಿಸಿದರು. ಇದರ ಒಂದು ಕಾರಣ ಈಚೆಗೆ ಸ್ಪಷ್ಟವಾಗಿದೆ. 2014ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ, ಈ ಜೀವಸತ್ವವಿಲ್ಲದ ಆಹಾರ ತಿಂದ ಇಲಿಗಳ ಕರುಳಿನಲ್ಲಿ ಮೂರನೆಯ ಗುಂಪಿನ ಲಿಂಫ್ ಕಣಗಳು ಕಡಿಮೆಯಾಗಿ ಬ್ಯಾಕ್ಟೀರಿಯಾ ಸೋಂಕಿಗೆ ಸುಲಭವಾಗಿ ತುತ್ತಾದವು. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ, ಗರ್ಭದಲ್ಲಿರುವ ಮರಿಯ ಈ ಕಣಗಳ ಬೆಳವಣಿಗೆ ತಾಯಿ ಇಲಿಯ ಆಹಾರದಲ್ಲಿನ ‘ಎ’ ಜೀವಸತ್ವವನ್ನು ಅವಲಂಬಿಸಿದೆ ಎಂದು ಕಂಡುಬಂದಿತು. ಕಾವಲುಗಾರರು ಎಷ್ಟು ಮಂದಿ ಎಂಬುದು ಮರಿ ಹುಟ್ಟುವ ಮೊದಲೇ ಸ್ವಲ್ಪಮಟ್ಟಿಗೆ ತೀರ್ಮಾನವಾಗುತ್ತದೆ ಎಂದಾಯಿತು. ಕೋಸು ಜಾತಿಯ ತರಕಾರಿಗಳಲ್ಲಿರುವ ಕೆಲವು ವಸ್ತುಗಳೂ ಇಲಿಗಳ ಕರುಳಿನ ಕಾವಲು ಕಣಗಳನ್ನು ಉಳಿಸಿಕೊಳ್ಳಲು ಬೇಕೆಂದು 2011ರಲ್ಲಿ ತಿಳಿದುಬಂದಿತು. ಇದನ್ನು ಓದಿ ಕರುವಿಗೆ ಕೋಸು ತಿನ್ನಿಸಲು ಹೊರಡಬೇಕಾಗಿಲ್ಲ. ಇವು ಇಲಿಗಳಲ್ಲಿ ನಡೆಸಿದ ಪ್ರಯೋಗಗಳು. ಆದರೆ ಕರುಗಳ ಅನುಭವ ಇದಕ್ಕೆ ವಿರುದ್ಧವಾಗಿಲ್ಲ.

ದನಗಳಿಗೆ ‘ಎ’ ಜೀವಸತ್ವ ದೊರೆಯುವುದು ಹಸಿರು ಮೇವಿನಲ್ಲಿರುವ ಕ್ಯಾರೊಟಿನ್‌ನಿಂದ. ಹಸುವಿನ ಗಿಣ್ಣದ ಹಾಲು ಹಳದಿಯಾಗಿರುವುದು ಇದರಿಂದಲೇ. ಎಮ್ಮೆ ಕ್ಯಾರೊಟಿನನ್ನು ಪೂರ್ತಿಯಾಗಿ ಜೀವಸತ್ವವಾಗಿ ಮಾರ್ಪಡಿಸುವುದರಿಂದ ಅದರ ಹಾಲು ಬಿಳುಪು. ಬಿಸಿಲಿನಲ್ಲಿ ಒಣಗಿದ ಭತ್ತದ ಹುಲ್ಲು, ರಾಗಿ ಹುಲ್ಲುಗಳಲ್ಲಿ ಕ್ಯಾರೊಟಿನ್ ಇಲ್ಲವೆನ್ನುವಷ್ಟು ಕಡಿಮೆ. ಹಸು ತನ್ನ ಪಿತ್ತಜನಕಾಂಗದಲ್ಲಿ ಕೂಡಿಟ್ಟ ದಾಸ್ತಾನಿನಿಂದ ಕೆಲವು ತಿಂಗಳು ತಳ್ಳಬಲ್ಲದು. ಜನವರಿಯಿಂದ ಬರೀ ಒಣಹುಲ್ಲು ತಿಂದ ಗಬ್ಬದ ಹಸು ಮೇ ತಿಂಗಳಲ್ಲಿ ಕರು ಹಾಕಿದರೆ ದಾಸ್ತಾನು ಬರಿದಾಗಿರುತ್ತದೆ. ‘ಎ’ ಜೀವಸತ್ವ ಗರ್ಭದಲ್ಲಿ ಕರುವಿಗೆ ಹೋಗುವುದು ಅತ್ಯಲ್ಪ. ಗಿಣ್ಣದ ಹಾಲೇ ಮುಖ್ಯ ಆಧಾರ. ತಾಯಿಯಲ್ಲಿಯೇ ಇಲ್ಲದಿದ್ದರೆ ಹಾಲಿಗೆ ಬರುವುದೆಲ್ಲಿಂದ?

ಆದ್ದರಿಂದ ಗಬ್ಬದ ಕೊನೆಯ ಮೂರು ತಿಂಗಳು ಹಸುವಿಗೆ ದಿನಕ್ಕೆ ಕನಿಷ್ಠ 5 ಕಿ.ಗ್ರಾಂ. ಹಸಿರು ಮೇವು ಸಿಗುವಂತೆ ಯೋಜಿಸಬೇಕು. ಹೆಚ್ಚು ಸಿಕ್ಕಿದರೆ ಇನ್ನೂ ಉತ್ತಮ. ನೀರಿನ ಅನುಕೂಲವಿರುವವರು ನಾಲ್ಕೈದು ಗುಂಟೆಯಲ್ಲಿ ನೇಪಿಯರ್ ಸಂಕರಣ ಹುಲ್ಲು ಹಾಗೂ ಅಲಸಂದೆ ಅಥವಾ ಕುದುರೆಮೆಂತೆ ಬೆಳೆಯಬಹುದು. ಖುಷ್ಕಿ ರೈತರು ಬದುಗಳ ಮೇಲೆ ಅಗಸೆ (ಚೊಗಚೆ), ನುಗ್ಗೆ ಗಿಡಗಳನ್ನು ನೆಟ್ಟು ಬೇಸಿಗೆಯಲ್ಲಿ ಸೊಪ್ಪು ಕತ್ತರಿಸಿ ಹಾಕಬಹುದು. ಮಳೆಗಾಲದಲ್ಲಿ ಮಿಕ್ಕ ಮುಸುಕಿನ ಜೋಳದ ಮೇವನ್ನು ರಸಮೇವು ಮಾಡಿಟ್ಟರೆ ಕ್ಯಾರೊಟಿನ್ ಬಿಸಿಲಿನಲ್ಲಿ ಒಣಗಿಸಿದ್ದಕ್ಕಿಂತ ಹೆಚ್ಚು ಉಳಿಯುತ್ತದೆ. ಇದರೊಂದಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಅವಶ್ಯಕ. ಸತು, ತಾಮ್ರ, ಸೆಲೆನಿಯಂಗಳ ಕೊರತೆಯಿದ್ದರೆ ನ್ಯೂಟ್ರೋಫಿಲ್‌ಗಳು ನುಂಗಿದ ರೋಗಾಣುವನ್ನು ಸರಿಯಾಗಿ ಕೊಲ್ಲಲಾರವು.

ಉಪಕಾರಿ ಸೂಕ್ಷ್ಮಜೀವಿಗಳ ಪಾತ್ರ

ಕರುಳಿನಲ್ಲಿ ನೆಲೆಸುವ ಉಪಕಾರಿ ಸೂಕ್ಷ್ಮಜೀವಿಗಳು ಜಾಗವನ್ನು ಆಕ್ರಮಿಸಿ ರೋಗಾಣುಗಳಿಗೆ ಎಡೆ ಕೊಡುವುದಿಲ್ಲ. ಅಷ್ಟೇ ಅಲ್ಲ, ದೂರದ ಮೂಳೆಮಜ್ಜೆಗೂ ಇವುಗಳಿಂದ ಸಂದೇಶ ಹೋಗುತ್ತದೆ. ಗರ್ಭಿಣಿ ಇಲಿಗಳಿಗೆ ಆಂಟಿಬಯಾಟಿಕ್ ಕೊಟ್ಟಾಗ ಮರಿಗಳ ಕರುಳಿನ ಸೂಕ್ಷ್ಮಜೀವಿಗಳು ಕಡಿಮೆಯಾದವು. ಅದರೊಡನೆ ಮಜ್ಜೆಯಲ್ಲಿಯೂ ರಕ್ತದಲ್ಲಿಯೂ ನ್ಯೂಟ್ರೋಫಿಲ್‌ಗಳು ಕಡಿಮೆಯಾಗಿ, ಇ. ಕೊಲೈ ಸೋಂಕಿಗೆ ಮರಿಗಳು ಸುಲಭವಾಗಿ ಬಲಿಯಾದವು. ಇದು 2014ರಲ್ಲಿ ವರದಿಯಾದ ಸಂಗತಿ.

ಕೆಚ್ಚಲು ಬಾವಿಗೆ ಔಷಧಿ ಹಾಕಿದ ಹಸುವಿನ ಹಾಲನ್ನು ಡೇರಿ ತೆಗೆದುಕೊಳ್ಳುವುದಿಲ್ಲವೆಂದು ಕರುವಿಗೆ ಕುಡಿಸುವ ರೂಢಿ ಹಲವೆಡೆ ಇದೆ. ಇದನ್ನು ಬಿಡಬೇಕು. ಹಾಗೆಯೇ ಸಣ್ಣ ಭೇದಿಗೆಲ್ಲ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಹಾಕುವುದೂ ಸರಿಯಲ್ಲ. ವೈರಸ್ಸಿನಿಂದ ಬಂದ ಭೇದಿಗೆ ಅದು ನಾಟುವುದೇ ಇಲ್ಲ. ಉಪಕಾರಿ ಸೂಕ್ಷ್ಮಜೀವಿಗಳು ಮಾತ್ರ ಸಾಯುತ್ತವೆ.

ಭೇದಿ ಬಂದಾಗ

ಕರುವಿನ ವಯಸ್ಸನ್ನು ನೋಡಿ ಭೇದಿಯ ಕಾರಣವನ್ನು ಸ್ಥೂಲವಾಗಿ ಊಹಿಸಬಹುದು.

ಮೊದಲ 4-5 ದಿನ: ಕರುಳಿಗೆ ಅಂಟಿಕೊಂಡು ವಿಷ ಸುರಿಸುವ ಇ. ಕೊಲೈ.
5ರಿಂದ 14 ದಿನ: ರೋಟಾ ವೈರಸ್, ಕರೋನಾ ವೈರಸ್ (ಇದು ದನಗಳದೇ ಬೇರೆ ಬಗೆ).
1ರಿಂದ 3 ವಾರ: ಕ್ರಿಪ್ಟೋಸ್ಪೋರಿಡಿಯಂ.
3 ವಾರದ ನಂತರ: ರಕ್ತಭೇದಿ ತರುವ ಕಾಕ್ಸಿಡಿಯಾ.
ಎಮ್ಮೆ ಕರುಗಳಲ್ಲಿ ತಾಯಿಯ ಹಾಲಿನ ಮೂಲಕವೇ ಬರುವ ದುಂಡುಹುಳುವಿನ ಬಾಧೆಯೂ ಸೇರಿರಬಹುದು.

ಕಾರಣ ಯಾವುದೇ ಇರಲಿ, ಕರು ಸಾಯುವುದು ಹೆಚ್ಚಾಗಿ ನೀರು ಮತ್ತು ಲವಣಗಳ ನಷ್ಟದಿಂದ. 25 ಕಿ.ಗ್ರಾಂ. ತೂಕದ ಕರು ಎರಡೂವರೆ ಲೀಟರ್ ನೀರನ್ನು ಕಳೆದುಕೊಂಡರೆ ಎದ್ದು ನಿಲ್ಲುವುದು ಕಷ್ಟ. ಕಣ್ಣು ಗುಳಿಬೀಳುತ್ತದೆ, ಕತ್ತಿನ ಚರ್ಮವನ್ನು ಎಳೆದು ಬಿಟ್ಟರೆ ಕೂಡಲೇ ಮೊದಲಿನಂತಾಗುವುದಿಲ್ಲ. ಕಾವಲು ಕಣಗಳಿಗೆ ಹೋರಾಡಲು ಎರಡು ಮೂರು ದಿನ ಸಮಯ ಸಿಗಬೇಕು. ಆ ಸಮಯವನ್ನು ಒದಗಿಸುವುದು ಜೀವಜಲ. ಲವಣ ಮತ್ತು ಗ್ಲೂಕೋಸ್ ಜೊತೆಗಿದ್ದರೆ ರೋಗಗ್ರಸ್ತ ಕರುಳೂ ನೀರನ್ನು ಹೀರುತ್ತದೆ. 1971ರಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರು ಇದೇ ತತ್ತ್ವದ ಮೇಲೆ ಕಾಲರಾ ರೋಗಿಗಳನ್ನು ಉಳಿಸಿದರು.

ಇಲ್ಲಿ ಒಂದು ಎಚ್ಚರಿಕೆ. ಮನೆಯಲ್ಲಿ ಮಕ್ಕಳಿಗೆ ಮಾಡುವಂತೆ ಸಕ್ಕರೆ ಅಥವಾ ಬೆಲ್ಲದ ನೀರನ್ನು ಕರುವಿಗೆ ಕೊಡಬಾರದು. ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಕರುವಿನ ಕರುಳಿನಲ್ಲಿ ಇಲ್ಲ, ಭೇದಿ ಹೆಚ್ಚುತ್ತದೆ. ಗ್ಲೂಕೋಸ್ ಇರುವ ಜೀವಜಲದ ಪೊಟ್ಟಣವನ್ನೇ ಬಳಸಬೇಕು.

ರೈತರು ಅನುಸರಿಸಬೇಕಾದ ಕ್ರಮಗಳು

1. ಕರು ಹಾಕುವ ಎರಡು ತಿಂಗಳು ಮೊದಲೇ ಹಸುವಿನ ಹಾಲು ಬತ್ತಿಸಿರಿ. ಹಸಿರು ಮೇವು, ಖನಿಜ ಮಿಶ್ರಣ ತಪ್ಪಿಸಬೇಡಿರಿ.

2. ಕರು ಹಾಕುವ ಜಾಗ ಒಣಗಿದ್ದು ಶುಚಿಯಾಗಿರಲಿ. ಹೊಕ್ಕುಳಬಳ್ಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿರಿ.

3. ಕೆಚ್ಚಲು ತೊಳೆದು, ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಸಲ ಗಿಣ್ಣದ ಹಾಲು ಕುಡಿಸಿರಿ. ಸತ್ತೆ ಬೀಳುವುದನ್ನು ಕಾಯಬೇಡಿರಿ. ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟು ಹಾಲು ಮೊದಲ ಆರು ಗಂಟೆಗಳಲ್ಲಿ ಹೊಟ್ಟೆಗೆ ಹೋಗಬೇಕು. ಅಂದರೆ 25 ಕಿ.ಗ್ರಾಂ. ಕರುವಿಗೆ ಎರಡೂವರೆ ಲೀಟರ್, ಎರಡು ಸಲವಾಗಿ. ಹನ್ನೆರಡು ಗಂಟೆಯ ವೇಳೆಗೆ ಇನ್ನೂ ಒಂದೂಕಾಲು ಲೀಟರ್ ಕೊಡಿರಿ.

4. ಏಳಲಾರದ ಕರುವಿಗೆ ಹಾಲು ಕರೆದು ಮೊಲೆಬಾಟಲಿಯಿಂದ ಕುಡಿಸಿರಿ. ಗಂಟಲಿಗೆ ಸುರಿಯಬೇಡಿರಿ, ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ.

5. ತಾಯಿ ಸತ್ತರೆ ಅಥವಾ ಹಾಲಿಲ್ಲದಿದ್ದರೆ ಅದೇ ದಿನ ಕರು ಹಾಕಿದ ಇನ್ನೊಂದು ಆರೋಗ್ಯವಂತ ಹಸುವಿನ ಗಿಣ್ಣದ ಹಾಲನ್ನು ಬಳಸಿರಿ. ಮೊಟ್ಟೆ, ಹರಳೆಣ್ಣೆ ಬೆರೆಸಿದ ಹಾಲು ಪೋಷಣೆ ಕೊಡುತ್ತದೆಯೇ ಹೊರತು ಪ್ರತಿಕಾಯ ಕೊಡುವುದಿಲ್ಲ. ಹಾಲು ಉತ್ಪಾದಕರ ಸಂಘವಿರುವ ಊರಿನಲ್ಲಿ ಒಂದೆರಡು ಲೀಟರ್ ಗಿಣ್ಣದ ಹಾಲನ್ನು ಹಿಮಪೆಟ್ಟಿಗೆಯಲ್ಲಿ ಗಡ್ಡೆ ಕಟ್ಟಿಸಿ ಇಟ್ಟುಕೊಂಡರೆ ಆಪತ್ತಿಗೆ ಒದಗುತ್ತದೆ. ಕರಗಿಸುವಾಗ ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆಯನ್ನು ಇಡಬೇಕು, ಕುದಿಸಬಾರದು.

6. ಭೇದಿಯಾದ ಕರುವನ್ನು ಬೇರ್ಪಡಿಸಿರಿ. ಹಾಲನ್ನು ಪೂರ್ತಿ ನಿಲ್ಲಿಸಬೇಡಿರಿ. ಹಾಲಿನ ವೇಳೆಗಳ ನಡುವೆ ಎರಡು ಗಂಟೆಯ ಅಂತರವಿಟ್ಟು ದಿನಕ್ಕೆ 2-3 ಲೀಟರ್ ಜೀವಜಲವನ್ನು ಮೂರು ನಾಲ್ಕು ಸಲವಾಗಿ ಕುಡಿಸಿರಿ.

7. ಮೈ ತಣ್ಣಗಾದರೆ, ಚೀಪಲು ನಿರಾಕರಿಸಿದರೆ, ಸಗಣಿಯಲ್ಲಿ ರಕ್ತ ಕಂಡರೆ, ಜ್ವರ ಬಂದರೆ ತಡ ಮಾಡದೆ ಪಶುವೈದ್ಯರಿಗೆ ತೋರಿಸಿರಿ. ಜಂತುನಾಶಕ ಔಷಧಿಯ ಅಳತೆ ಹಾಗೂ ವೇಳೆಯನ್ನೂ ಅವರಿಂದಲೇ ತಿಳಿಯಿರಿ.

8. ಭೇದಿಯಾದ ಕರುವನ್ನು ಮುಟ್ಟಿದ ನಂತರ ಸೋಪು ಹಚ್ಚಿ ಕೈ ತೊಳೆಯಿರಿ. ಕ್ರಿಪ್ಟೋಸ್ಪೋರಿಡಿಯಂ ಮತ್ತು ಸಾಲ್ಮೊನೆಲ್ಲಾ ಮನುಷ್ಯರಿಗೂ, ಅದರಲ್ಲಿಯೂ ಮಕ್ಕಳಿಗೆ, ತಗಲುತ್ತವೆ.

ಕರುವಿನ ಕರುಳನ್ನು ಕಾಯುವ ಕಣಗಳನ್ನು ಪ್ರಕೃತಿಯೇ ಕೊಟ್ಟಿದೆ. ಅವುಗಳಿಗೆ ಗರ್ಭದಲ್ಲಿ ಹಸಿರು ಮೇವಿನ ಸತ್ವ, ಹುಟ್ಟಿದೊಡನೆ ಗಿಣ್ಣದ ಹಾಲು, ಕಾಯಿಲೆಯಲ್ಲಿ ನೀರು ಇಷ್ಟನ್ನು ಒದಗಿಸುವುದು ಮಾತ್ರ ರೈತನ ಕೆಲಸ. ಇದರಲ್ಲಿ ಗಿಣ್ಣದ ಹಾಲಿಗೆ ಕಾಸಿನ ಖರ್ಚೂ ಇಲ್ಲ, ಬೇಕಾದದ್ದು ಸಮಯಕ್ಕೆ ಎದ್ದು ಹೋಗಿ ಕುಡಿಸುವ ಶ್ರಮ ಅಷ್ಟೇ. ನಿಮ್ಮ ಹಸು ರಾತ್ರಿ ಎರಡು ಗಂಟೆಗೆ ಕರು ಹಾಕಿದರೂ ಬೆಳಗಾಗಲೆಂದು ಕಾಯಬೇಡಿರಿ. ಹೆಚ್ಚಿನ ಮಾಹಿತಿಗೆ ಹತ್ತಿರದ ಪಶು ಆಸ್ಪತ್ರೆ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.